ನಾನೇ ಬಳಿದ ಪೇಂಟು

೧೩ ಮಾರ್ಚ್ ೨೦೧೪, ಗುರುವಾರ

ಸಿಕ್ಕಿತು! ನನ್ನ ಹಳೇ ಪಿಕಪ್ ಆರು ತಿಂಗಳಲ್ಲಿ ಇಂಜಿನ್ ತಿರುಗಿಸುವ ಮೋಟರಿನ ಸ್ವಿಚ್ಚು, ಅಂದರೆ ಸ್ಟಾರ್ಟರ್ ಸೊಲೆನಾಯ್ಡ್, ಮೂರು ಸುಟ್ಟದ್ದು ಯಾಕೆಂದು ಇವತ್ತು ಗೊತ್ತಾಯಿತು. ಈ ಅರಬ್ ದೇಶದ ಗ್ಯಾರೇಜು ಏರಿಯಾ ರಾಸ್ ಅಲ್ ಖೋರ್‌ನಲ್ಲಿ ನಮ್ಮೂರಿನವರೇ ಆದ ಇಲೆಕ್ಟ್ರಿಷಿಯನ್ ಕ್ಯಾಮಿಲಸ್ ನಾಲ್ಕನೆಯದನ್ನು ಹಾಕುವ ಮೊದಲು ಬ್ಯಾಟರಿಯ ಅರ್ತಿಂಗ್ ವಯರನ್ನು ಅದು ಗಾಡಿಯ ಕಬ್ಬಿಣಕ್ಕೆ ಸೇರುವಲ್ಲಿ ಬಿಚ್ಚಿದರು. ಅದರಡಿಯಲ್ಲಿ ದಪ್ಪ ಕಪ್ಪು ಪೇಂಟು.

"ಇದನ್ನು ಯಾರು ಬಳಿದದ್ದು ಬ್ಯಾರಿಗಳೇ?"

ನಾನೇ, ಈ ಬ್ಯಾರಿಯೇ! ವರ್ಷದ ಗಾಡಿ ತಪಾಸಣೆಗೆ, ಪಾಸಿಂಗ್‌ಗೆ, ಗಾಡಿ ಚಂದ ಕಾಣಲಿ ಎಂದು.

"ಪೇಂಟಿನಲ್ಲಿ ಕರೆಂಟು ಹೋಗ್ತದಾ ಮಾರಾಯ್ರೆ? ಕರೆಂಟು ಸಾಲದೆ ಸೊಲೆನಾಯ್ಡ್ ಕಟಕಟ ಬಡಿದು ಸುಟ್ಟು ಹೋಗುವುದು."

ಪೇಂಟು ಕೆರೆದು ತೆಗೆದು ಹೊಸ ಸೊಲೆನಾಯ್ಡ್ ಹಾಕಿದರು. ಒಂದೇ ಏಟಿಗೆ ಸ್ಟಾರ್ಟ್! ಖುಷಿಗೆ ಹತ್ತು ಸಲ ಸ್ಟಾರ್ಟ್ ಮಾಡಿದೆ. "ಖಲಾಸ್, ಸಾಕು!" ಎಂದು ಬೈದರು.

ಇಷ್ಟು ದಿನ ಊಟಕ್ಕೆ ಇಳಿದರೂ ಮತ್ತೆ ಸ್ಟಾರ್ಟ್ ಆಗದಿದ್ದರೆ ಎಂದು ಇಂಜಿನ್ ಬಂದ್ ಮಾಡಲು ಹೆದರಿಕೆ. ಸಂಜೆ ಕರಾಮ ಪೇಟೆಯಲ್ಲಿ ಬಂದ್ ಮಾಡಿ, ಹೋಟೆಲಿನೊಳಗೆ ಕೂತು ಚಾ ಕುಡಿದೆ. ಗಾಡಿಯ ಸದ್ದೇ ಇಲ್ಲವಲ್ಲಾ, ಯಾರಾದರೂ ಕೊಂಡುಹೋದರಾ ಎಂದು ಎರಡು ಸಲ ಗಾಬರಿಯಾಗಿ ಹೊರಗೆ ಓಡಿದೆ. ಕೀ ಕಿಸೆಯಲ್ಲೇ ಇತ್ತು.