ಕಾರೆಗುಡ್ಡಕ್ಕೆ ಹಚ್ಚಿದವರು

28 ಜನವರಿ 2018, ಭಾನುವಾರ

ಆರೂವರೆಗೆ ಗೇಟಿನ ಹತ್ತಿರ ಇರಿ ಅಂದಿದ್ದೆ. ಬಂದಿದ್ದು ಎಂಟಕ್ಕೆ. ದಾವಣಗೆರೆಯ ಬ್ಯಾಂಕಿನವರು, ಹೆಂಡತಿ ಮಕ್ಕಳ ಸಮೇತ. ಎಂಟು ಗಂಟೆಗೆ ಯಾವ ಹಕ್ಕಿ ಇವರಿಗಾಗಿ ಕಾದು ಕೂತಿರುತ್ತದೆ? ಒಬ್ಬ ಸ್ಪೀಕರ್ ಬೇರೆ ತಂದಿದ್ದ. ಆಫ್ ಮಾಡಿ ಅಂದರೆ 'ಸೌಂಡ್ ಕಮ್ಮಿ ಇಟ್ಕೋತೀನಿ ಮೇಡಂ' ಅಂತಾನೆ. ಕಿತ್ತುಕೊಂಡು ಗಾರ್ಡ್ ಬೋರಯ್ಯನ ಕೈಗೆ ಕೊಟ್ಟೆ.

ಮೇಡಂ ಸಿಟ್ಟಿನವರು ಅಂತ ಹಿಂದೆ ಪಿಸಪಿಸ. ಹೌದು, ಸಿಟ್ಟಿನವಳೇ. ಈ ಕಾರೆಗುಡ್ಡದಲ್ಲಿ ಒಂಬತ್ತು ವರ್ಷದಿಂದ ಜನರನ್ನು ಹತ್ತಿಸಿ ಇಳಿಸುತ್ತಿದ್ದೇನೆ — ವಾರದ ದಿನ ಶಾಲೆ ಮಕ್ಕಳು, ಭಾನುವಾರ ಇಂಥವರು. ಒಂಬತ್ತು ವರ್ಷವೂ ಅರಣ್ಯ ಇಲಾಖೆಯ ದಿನಗೂಲಿ. ಸಿಟ್ಟು ಬಿಟ್ಟರೆ ನನ್ನದು ಅಂತ ಇನ್ನೇನಿದೆ.

ಹುಲ್ಲಿನೊಳಗೆ ಗೌಜಲಕ್ಕಿ ಗೂಡು ತೋರಿಸಿದೆ, ದೂರದಿಂದ. ಮೊಟ್ಟೆ ಇಟ್ಟಿದೆ. ಆಗ ಮಾತ್ರ ಎಲ್ಲರೂ ಬಾಯಿ ಮುಚ್ಚಿದರು. ಹುಲ್ಲು ಎದೆಯುದ್ದ ನಿಂತಿದೆ. ನಾನು ಕೆಲಸಕ್ಕೆ ಸೇರಿದಾಗ ಇದೇ ಜಾಗ ಬೋಳು. ಕುರಿಯವರ ಜೊತೆ ಜಗಳ ಆಡಿ ಆಡಿ ಬೆಳೆಸಿದ ಹುಲ್ಲು ಇದು.

2 ಫೆಬ್ರವರಿ

ಕಾಟಲಿಂಗಪ್ಪ ಮತ್ತೆ ಬೇಲಿಯೊಳಗೆ ಕುರಿ ಹೊಡೆದಿದ್ದ. ಗೊಲ್ಲರಹಟ್ಟಿಯವನು. ವರ್ಷಕ್ಕೆ ನಾಲ್ಕು ಸಲ ಇವನ ಜೊತೆ ನನ್ನ ಜಗಳ ಇದ್ದೇ ಇದೆ.

'ಏನಣ್ಣ, ಬೋರ್ಡು ಕಾಣಲ್ವಾ?'

'ಓದಾಕೆ ಬರಲ್ಲ ಕಣಮ್ಮ.'

'ನಾನು ಬಾಯಲ್ಲಿ ಹೇಳಿದ್ದಾದ್ರೂ ಕೇಳಿಸ್ತೈತಲ್ಲ.'

'ಅದು ಆಚೆ ತಾಳ್ಯದ ಊರ ತಂಕ ಕೇಳಿಸ್ತೈತೆ' ಅಂದು ನಕ್ಕ. ಮೈ ಉರಿಯಿತು. ಕುರಿ ತಿರುಗಿಸಿಕೊಂಡು ಹೋಗುವಾಗ ಇನ್ನೊಂದು ಮಾತು ಎಸೆದ. 'ಇಷ್ಟು ಹುಲ್ಲು ಒಣಗಿಸಿ ನಿಲ್ಲಿಸ್ಕಂಡಿದೀಯ. ಒಂದು ಕಿಡಿ ಬಿದ್ರೆ ಸಾಕು ಓಬಕ್ಕ.'

ಬೆದರಿಸ್ತೀಯಾ ಅಂದೆ. ಕುರಿಗೆ ಸಿಳ್ಳೆ ಹಾಕುತ್ತಾ ಹೋದ.

9 ಫೆಬ್ರವರಿ, ಶುಕ್ರವಾರ

ಖಾಯಂ ಆಯಿತು. ರೇಂಜ್ ಸಾಹೇಬರೇ ಫೋನ್ ಮಾಡಿದರು. ಮಾರ್ಚ್ ಹನ್ನೆರಡಕ್ಕೆ ಆಫೀಸಿಗೆ ಹೋಗಿ ಸೇರಿಕೊಳ್ಳಬೇಕು. ಎರಡು ಸಲ ಕೇಳಿದೆ. ಅವರಿಗೇ ಬೇಜಾರಾಯಿತು.

ಅವ್ವನಿಗೆ ಹೇಳಿದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅಂಗಳಕ್ಕೆ ಹೋಗಿ ಗುಡ್ಡದ ಕಡೆ ಕೈ ಮುಗಿದು ನಿಂತಳು. ಒಳಗೆ ಬಂದು 'ಪಾಯಸ ಮಾಡ್ಲಾ' ಅಂದಳು. ಇವತ್ತು ಯಾರ ಮೇಲೂ ಸಿಟ್ಟಿಲ್ಲ. ಏನೋ ಕಳೆದುಕೊಂಡ ಹಾಗಿದೆ.

14 ಫೆಬ್ರವರಿ, ಬೆಳಿಗ್ಗೆ

ಗುಡ್ಡ ಸುಟ್ಟು ಹೋಯಿತು. ನೆತ್ತಿಯಿಂದ ಕೆಳಗಿನ ಬಂಡೆಸಾಲಿನ ತನಕ.

ನಿನ್ನೆ ಶಿವರಾತ್ರಿ. ಹೊಳಲ್ಕೆರೆಯಿಂದ ಬಂದು ಬಸ್ಸಿಳಿದಾಗ ಹೊತ್ತು ಮುಳುಗುತ್ತಿತ್ತು. ನೆತ್ತಿಯ ಮೇಲೆ ಹೊಗೆ. ಚೀಲ ಅಲ್ಲೇ ಬಿಸಾಕಿ ಓಡಿದೆ. ಅರ್ಧ ಹತ್ತಿದಾಗ ಕಂಡವನು ಕಾಟಲಿಂಗಪ್ಪ. ಹೊಗೆಯ ನಡುವೆ ಒಬ್ಬನೇ. ಕೈಯಲ್ಲಿ ಉರಿಯುತ್ತಿದ್ದ ಕೊಂಬೆ. ಬೆಂಕಿ ಗಾಳಿ ಹಿಡಿದಿತ್ತು, ಹತ್ತಿರ ಹೋಗಲು ಆಗಲಿಲ್ಲ. ಬೋರಯ್ಯ, ಊರಿನ ಹುಡುಗರು ಎಲ್ಲ ಬಂದರು. ಏನು ಮಾಡಿದರೇನು. ಉರಿದು ತಾನಾಗಿ ಆರಿತು.

ಗೌಜಲಕ್ಕಿ ಮೊಟ್ಟೆ ಬೆಂದು ಕಪ್ಪಾಗಿದ್ದವು. ಒಂದನ್ನು ಎತ್ತಿಕೊಂಡೆ. ಇನ್ನೂ ಬಿಸಿ. ಅವನ ಕುತ್ತಿಗೆ ಸಿಕ್ಕಿದ್ದರೆ ಹಿಸುಕಿಬಿಡುತ್ತಿದ್ದೆ.

ಸಂಜೆ

ರೇಂಜ್ ಆಫೀಸ್. 'ನೀವು ನೋಡಿದ್ರಾ?' ಅಂದರು ಸಾಹೇಬರು. ಕೈಯಲ್ಲಿ ಬೆಂಕಿ ಇತ್ತು ಸಾರ್ ಅಂದೆ. 'ಹಚ್ಚುತ್ತಿದ್ದುದನ್ನು ಕಣ್ಣಾರೆ ಕಂಡೆ' ಅಂತ ಬರೆದುಕೊಂಡರು. ಸಹಿ ಹಾಕಿದೆ, ಕಾಗದ ಹರಿಯುವಷ್ಟು ಒತ್ತಿ.

ಕುರಿ ಮೇಯಿಸುತ್ತಿದ್ದವನನ್ನು ಹಾಗೇ ಹಿಡಿದು ತಂದಿದ್ದರು, ಅವನು ಬಾಯೇ ಬಿಡಲಿಲ್ಲ. ಜೀಪಿಗೆ ಹತ್ತಿಸುವಾಗ ನನ್ನ ಕಡೆ ತಿರುಗಿ, 'ಓಬಕ್ಕ, ಕುರಿ ರೊಪ್ಪಕ್ಕೆ ಕೂಡಿಲ್ಲ. ಹಟ್ಟಿಗೊಂದು ಮಾತು ಮುಟ್ಸು' ಅಂದ. ಎಂಥಾ ಕೊಬ್ಬು. ಮುಟ್ಟಿಸಲಿಲ್ಲ.

17 ಫೆಬ್ರವರಿ

ಅವನ ಹೆಂಡತಿ ಜುಂಜಮ್ಮ ಬಂದಳು. ಬೈಯಲು ಬಂದಿದ್ದಾಳೆ ಅಂತ ನಾನೂ ಸೊಂಟ ಕಟ್ಟಿ ನಿಂತೆ. ಬೈಯಲಿಲ್ಲ. ಹೊಸ್ತಿಲಾಚೆ ಕುಂತು, 'ಅಂಗೈ ಸುಟ್ಟೈತಂತೆ. ಜೈಲಾಗೆ ಮುಲಾಮು ಕೊಡ್ತಾರಾ ಓಬಕ್ಕ' ಅಂದಳು.

'ಬೆಂಕಿ ಇಡೋವಾಗ ಗೊತ್ತಿರ್ಲಿಲ್ವಾ ಸುಡ್ತೈತೆ ಅಂತ?'

'ಹಸಿ ತಂಗಡಿ ಗಿಡದ ಕೊಂಬೆ ಮುರ್ಕಂಡು ಬೆಂಕಿ ಬಡೀತಿದ್ರು. ಅದಕ್ಕೂ ಹತ್ಕಂತು. ಕುರಿ ಬಿಟ್ಟು ಓಡಿದ್ರಮ್ಮ, ನಿನ್ನ ಗುಡ್ಡ ಆರಿಸಾಕೆ.'

'ಅವನು ಹೇಳ್ದ, ನೀನು ನಂಬ್ದೆ' ಅಂದುಬಿಟ್ಟೆ.

ಅವ್ವ ಒಳಗಿನಿಂದ ಮೊರದ ತುಂಬ ರಾಗಿ ಹಿಟ್ಟು ತಂದು ಜುಂಜಮ್ಮನ ಮಡಿಲಿಗೆ ಸುರಿದಳು. ಅವಳು ಹೋಗುವ ತನಕ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

'ಅವನು ಹಚ್ಚಿಲ್ಲ ಕಣೆ.'

'ನಿನಗೇನು ಗೊತ್ತು?'

'ನಾನು ಹಚ್ಚಿದ್ದು.'

ಕೈಯಲ್ಲಿದ್ದ ಚೊಂಬನ್ನು ಗೋಡೆಗೆ ಎಸೆದೆ. ಅವಳು ಹೆದರಲೂ ಇಲ್ಲ.

'ಬೆಂಕಿ ಇಟ್ಟಿಲ್ಲ. ದೀಪ ಕೊಟ್ಟೀನಿ. ನಿನ್ನ ಕೆಲಸ ಖಾಯಂ ಮಾಡು, ನೆತ್ತಿ ಮ್ಯಾಲೆ ದೀಪ ಕೊಡ್ತೀನಿ ಅಂತ ಗುಡ್ಡದಪ್ಪಗೆ ಹರಕೆ ಹೊತ್ತಿದ್ದೆ. ನಾನು ಹುಟ್ಟಿದಾಗ ನಮ್ಮವ್ವನೂ ಕೊಟ್ಟಿದ್ಲು.'

ಗುಡ್ಡದ ದೀಪ. ನೆತ್ತಿಯ ದೇವರಕಲ್ಲಿನ ಮುಂದೆ ಒಂದು ಪೊದೆ ಹುಲ್ಲಿಗೆ ಎಣ್ಣೆ ಹಾಕಿ ಹಚ್ಚುವುದು, ಹರಕೆ ತೀರಿತು ಅಂತ ಊರಿಗೆಲ್ಲ ಕಾಣಲಿ ಅಂತ. ಚಿಕ್ಕಂದಿನಲ್ಲಿ ನಾನೇ ಅಂಗಳದಲ್ಲಿ ನಿಂತು ನೋಡಿದ್ದೇನೆ. ಮರೆತೇ ಹೋಗಿತ್ತು. ಯಾರೂ ಈಗ ಮಾಡುವುದಿಲ್ಲ ಅಂದುಕೊಂಡಿದ್ದೆ.

'ಅಲ್ಲೇ ಉರಿದು ಅಲ್ಲೇ ಆರ್ತಿತ್ತು ಕಣೆ ಓಬಿ. ಆಗ ಹುಲ್ಲೆಲ್ಲಿತ್ತು? ಕುರಿ ಮೇದು ಅಂಗಳದಂಗಿರ್ತಿತ್ತು. ಈಗ ಎದೆಮಟ್ಟ ಐತೆ. ಹಚ್ಚಿದ್ದೇ ತಡ, ಓಡ್ತು. ಸೆರಗು ತಗಂಡು ಬಡಿದೆ. ಕಾಟಲಿಂಗ ಬಂದು ನನ್ನ ಎಳ್ದು ಆಚೆ ಬಿಟ್ಟ. ನೀನು ಇಳಿಯವ್ವ, ನಾನು ನೋಡ್ಕಂತೀನಿ ಅಂದ.'

ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಜೀಪು ಹತ್ತಿದ.

'ಇಷ್ಟು ದಿನ ಬಾಯಿಗೆ ಏನು ತುರುಕ್ಕಂಡಿದ್ದೆ?' ಅಂತ ಕಿರುಚಿದೆ.

'ನೀನು ಮಾತಾಡಾಕೆ ಬಿಟ್ರೆ ತಾನೆ' ಅಂದಳು. ಚೊಂಬು ಎತ್ತಿ ತೊಳೆಯಲು ಹೋದಳು.

4 ಮಾರ್ಚ್, ಭಾನುವಾರ

ಬರೆಯಲು ಕೈ ಬರಲಿಲ್ಲ ಇಷ್ಟು ದಿನ. ಬರೆಯುವಂಥದ್ದು ಏನೂ ಮಾಡಿಲ್ಲ.

ಮಾಡಿದ್ದು ಇಷ್ಟು — ಅವ್ವನನ್ನು ಶ್ರೀರಾಂಪುರದಲ್ಲಿ ಅಣ್ಣನ ಮನೆಗೆ ಸಾಗಿಸಿದೆ. ಬಾಯಿ ಬಿಟ್ಟರೆ ನೋಡು ಅಂತ ಹೆತ್ತವಳಿಗೆ ಬೆರಳು ತೋರಿಸಿದೆ. ಅವಳ ಮೇಲೆ ಕೇಸಾದರೆ ನನ್ನ ಖಾಯಂ ಎಲ್ಲಿ ಉಳಿಯುತ್ತದೆ? ಸುಳ್ಳು ಸಾಕ್ಷಿ ಅಂತ ನನ್ನನ್ನೂ ಹಿಡಿಯುತ್ತಾರೆ. ಒಂಬತ್ತು ವರ್ಷ ಬಿಸಿಲಲ್ಲಿ ಒಣಗಿದ್ದೇನೆ. ನನಗೂ ಒಂದು ಸಂಬಳ, ಒಂದು ರಜೆ ಬೇಡವೇ?

ಹೀಗೆ ಅಂದುಕೊಳ್ಳುತ್ತೇನೆ. ಆಮೇಲೆ ಆ ಮನುಷ್ಯನ ಅಂಗೈ ನೆನಪಾಗುತ್ತದೆ. ಅವನ ಮೇಲೂ ಸಿಟ್ಟು. ಯಾರು ಕೇಳಿದ್ದರು ನಿನ್ನ ಉಪಕಾರ? ಒಂದು ಮಾತು ಹೇಳಿ ಹಟ್ಟಿಗೆ ಹೋಗಬಾರದಿತ್ತೇ? ಅವ್ವನ ಮೇಲೆ ಸಿಟ್ಟು. ಆ ಗುಡ್ಡದಪ್ಪನ ಮೇಲೂ. ಇವತ್ತು ನಡಿಗೆಗೆ ಬಂದವರ ಮುಂದೆ ಬೋರಯ್ಯನಿಗೆ ಕಾರಣವಿಲ್ಲದೆ ಉಗಿದೆ. ಅವನು ಸುಮ್ಮನೆ ನೀರಿನ ಬಾಟಲಿ ಕೊಟ್ಟ.

7 ಮಾರ್ಚ್

ಅವ್ವ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಾಳೆ. ಮನೆಗಲ್ಲ, ನೆಟ್ಟಗೆ ರೇಂಜ್ ಆಫೀಸಿಗೆ.

ಸಾಹೇಬರು ನನ್ನನ್ನು ಕರೆಸಿದರು. ನಗುತ್ತಿದ್ದರು. 'ನಿಮ್ಮ ತಾಯಿ ಬಂದಿದ್ರು. ಹಟ್ಟಿಯವರು ಚೆನ್ನಾಗಿ ಹೇಳ್ಕೊಟ್ಟು ಕಳ್ಸಿದಾರೆ. ಟೀ ಕುಡಿಸಿ ಕಳ್ಸಿದೆ.' ನನ್ನ ಮುಖ ನೋಡಿ ನಗು ನಿಲ್ಲಿಸಿದರು. 'ನೋಡಿ ಓಬಕ್ಕ, ಕೇಸು ನಿಂತಿರೋದೇ ನಿಮ್ಮ ಮಾತಿನ ಮೇಲೆ. ಭಾನುವಾರ ಕಾಡ್ಗಿಚ್ಚು ಜಾಗೃತಿ ನಡಿಗೆ ಇಟ್ಕೊಂಡಿದೀವಿ. ಪೇಪರಿನವರು ಬರ್ತಾರೆ. ನೀವೇ ಮಾತಾಡಿ. ಸೋಮವಾರ ಬಂದು ಸೇರ್ಕೊಳ್ಳಿ.'

ಅವರಿಗೆ ಗೊತ್ತಾಗಿದೆಯೋ ಇಲ್ಲವೋ. ತಿಳಿದುಕೊಳ್ಳುವುದು ಅವರಿಗೆ ಬೇಕಾಗಿಲ್ಲ ಅನ್ನಿಸಿತು. ನಾನಾದರೂ ಏನಂದೆ? 'ಆಗಲಿ ಸಾರ್' ಅಂದೆ. ಥೂ ನನ್ನ ಬಾಳಿಗೆ.

ಮನೆಗೆ ಬಂದರೆ ಅವ್ವ ಬೆಳೆ ಆರಿಸುತ್ತಾ ಕುಂತಿದ್ದಾಳೆ. ಬೈಯಲು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

'ನಾನು ಹೇಳಿದ್ರೆ ಯಾರೂ ನಂಬಲ್ಲ ಬಿಡು. ನೀನು ಹೇಳಿದ್ದು ನಂಬ್ತಾರೆ. ಅದಕ್ಕೇ ಅವನು ಒಳಗವನೆ.'

11 ಮಾರ್ಚ್, ಭಾನುವಾರ, ಮಧ್ಯಾಹ್ನ

ಬೇಗ ಬೇಗ ಬರೆಯುತ್ತೇನೆ.

ನಡಿಗೆಗೆ ಜನವೋ ಜನ. ಒಂದೇ ಬಣ್ಣದ ಟೀ ಶರ್ಟು, ಬ್ಯಾನರು. ಬೂದಿಯಲ್ಲಿ ನಿಂತು ಸೆಲ್ಫಿ. ಒಬ್ಬಳು ಸುಟ್ಟ ಕಾರೆ ಗಿಡ ಹಿಡಿದುಕೊಂಡು ಅಳುವ ಮುಖ ಮಾಡಿ ಫೋಟೋ ತೆಗೆಸಿಕೊಂಡಳು. ದೇವರಕಲ್ಲಿನ ಹತ್ತಿರ ಸಾಹೇಬರು ಮೈಕ್ ಕೊಟ್ಟರು. 'ಕುರಿಯವರಿಂದ ಎಷ್ಟು ಹಾನಿ ಅಂತ ನಮ್ಮ ಓಬಕ್ಕ ಹೇಳ್ತಾರೆ' ಅಂದರು. ಚಪ್ಪಾಳೆ.

ಹೇಳಿದೆ. ಇಲ್ಲಿ ಹಚ್ಚಿದ್ದು ನಮ್ಮವ್ವ, ಗಿರಿಯಮ್ಮ. ನನ್ನ ಕೆಲಸ ಖಾಯಂ ಆಯಿತು ಅಂತ ಹರಕೆ ತೀರಿಸಿದಳು. ಆರಿಸಲು ಬಂದು ಕೈ ಸುಟ್ಟುಕೊಂಡವನು ಕಾಟಲಿಂಗಪ್ಪ. ಅವನು ಹಚ್ಚಿದ್ದು ಕಂಡೆ ಅಂತ ಸಹಿ ಹಾಕಿದವಳು ನಾನು. ಕಂಡಿಲ್ಲ. ಸಿಟ್ಟಿನಲ್ಲಿ ಹಾಕಿದೆ. ಗೊತ್ತಾದ ಮೇಲೆ ಕೆಲಸದ ಆಸೆಗೆ ಸುಮ್ಮನಿದ್ದೆ.

ಮೈಕ್ ಆಫ್ ಮಾಡಿಸಿದರು. ಬರಿ ಗಂಟಲಲ್ಲೇ ಮತ್ತೊಮ್ಮೆ ಹೇಳಿದೆ, ಪೇಪರಿನವರ ಕಡೆ ತಿರುಗಿ, ಅವನ ಹೆಸರು, ಅವನ ಹಟ್ಟಿ, ಎಲ್ಲ. ಮೊಬೈಲುಗಳು ಮೇಲೆದ್ದವು. ಸಾಹೇಬರು ಹತ್ತಿರ ಬಂದು ಹಲ್ಲು ಕಚ್ಚಿಕೊಂಡು 'ನಾಳೆ ಬರೋದು ಬೇಡ' ಅಂದರು. ಬರಲ್ಲ, ಮೊದಲು ಅವನನ್ನು ಬಿಡಿಸಿ ಅಂದೆ. ಒಬ್ಬಳೇ ಇಳಿದು ಬಂದೆ.

ಅವ್ವನ ಮೇಲಿನ ಸಿಟ್ಟು ಹೋಗಿಲ್ಲ. ಹಾಗಂತ ಅವಳಿಗೇ ಹೇಳಿದೆ. 'ಇರ್ಲಿ ಬಿಡು, ಉಣ್ಣು' ಅಂತ ಮುದ್ದೆ ಇಟ್ಟಳು. ಎರಡು ಸೀರೆ, ಎಲೆಅಡಿಕೆ ಚೀಲ ಗಂಟು ಕಟ್ಟಿಕೊಂಡಿದ್ದಾಳೆ, ಯಾವಾಗ ಕಟ್ಟಿದಳೋ. 'ನೀನು ಬರ್ಬ್ಯಾಡ. ಹರಕೆ ನಂದು' ಅಂದಳು.

ಸಹಿ ನನ್ನದು ಅಂದೆ.

ಜೀಪು ಬಂತು. ಬಾಗಿಲಲ್ಲಿ ಬೋರಯ್ಯ, ಒಳಗೆ ಬರಲಾರದೆ, 'ಗಿರಿಯಕ್ಕ, ಬರ್ಬೇಕಂತೆ' ಅನ್ನುತ್ತಿದ್ದಾನೆ. ನನ್ನ ಹೆಸರು ಹೇಳುತ್ತಿಲ್ಲ. ಅವ್ವ ಎದ್ದಳು, ಚಪ್ಪಲಿ ಹುಡುಕುತ್ತಿದ್ದಾಳೆ. ಅವಳಿಗಿಂತ ಮೊದಲು ನಾನೇ ಹೋಗಿ ಜೀಪಿನಲ್ಲಿ ಕೂರುತ್ತೇನೆ, ಅದು ಹೇಗೆ ಇಳಿಸುತ್ತಾರೋ ನೋಡುತ್ತೇನೆ.