ಗೋಡೆಯ ಕಡೆ ತಿರುಗಿದ ಎಲೆಗಳು

ಮೇ ೯, ಭಾನುವಾರ ಬೆಳಿಗ್ಗೆ

ಎಡಚಿಗೆ ಅಕ್ಕನ ಆಶೀರ್ವಾದಗಳು.

ಹತ್ತು ತಿಂಗಳಿಂದ ಮಾತು ಬಿಟ್ಟವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಹುಬ್ಬು ಗಂಟಿಕ್ಕಬೇಡ. ಕ್ಷೇಮಸಮಾಚಾರ ಆಮೇಲೆ. ಮೊದಲು ಹೇಳು, ನನ್ನ ಹೂಪಾತಿಗೆ ಕೈ ಹಾಕಿದ್ದೆಯಾ?

ಅಮ್ಮನ ಟ್ಯೂಲಿಪ್ ಅರಳಿದೆ. ಅದೇ ಪಿಯೋನಿ ಜಾತಿಯದು, ದಳದೊಳಗೆ ದಳ ತುಂಬಿಕೊಂಡು ತನ್ನ ತಲೆಯ ಭಾರ ತಾನೇ ಹೊರಲಾರದೆ ಬಾಗುವ ನಸುಗೆಂಪು ಹೂ. ಬೀದಿಯಲ್ಲಿ ಹೋಗುವವರು ಬೇಲಿ ಹಿಡಿದು ನಿಲ್ಲುತ್ತಾರೆ. ಪಕ್ಕದ ಮನೆಯ ಟೈಲರಮ್ಮ ಎಲ್ಲಾ ನಿಮ್ಮ ಕೈಗುಣ ಕಣ್ರೀ ಅಂದಳು. ನನ್ನ ಕೈಗುಣ ನನಗೆ ಗೊತ್ತಿಲ್ಲವೇ? ಅನುಮಾನ ಶುರುವಾದದ್ದೇ ಆ ಮಾತಿನಿಂದ.

ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತಿದ್ದೇನೆ. ಅಮ್ಮ ಹೋದ ಮೇಲೆ ಮನೆ ಖಾಲಿ ಮಾಡುವಾಗ ಟ್ಯೂಲಿಪ್ ಗೆಡ್ಡೆಯ ಬುಟ್ಟಿಯನ್ನು ನಾನೇ ಎತ್ತಿಕೊಂಡೆನಲ್ಲ, ಒಂದು ಕಳ್ಳಿಗಿಡವನ್ನೂ ಬದುಕಿಸಲಾರದ ನಿನಗೆ ಇದೆಲ್ಲ ಯಾಕೆ ಎಂದು. ಜೋಪಾನವಾಗಿರಲಿ ಎಂದು ಅವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿದೆ. ಚಳಿಗೆ ಮುಂಚೆ ನೆಡಲು ಬಿಚ್ಚಿದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಇಪ್ಪತ್ತೂ ಕೊಳೆತು ಮೆತ್ತಗಾಗಿದ್ದವು. ಯಾರಿಗೂ ಗೊತ್ತಾಗದಿರಲಿ ಎಂದು ಅವನ್ನೇ ಸಾಲಾಗಿ ಹೂತು, ಏನೂ ಆಗಿಲ್ಲವೆಂಬಂತೆ ನಿನ್ನ ಭಾವನ ಎದುರು ಕೈ ತೊಳೆದುಕೊಂಡೆ.

ಹೂತದ್ದು ಇಪ್ಪತ್ತು, ಎದ್ದಿರುವುದು ಹದಿನಾಲ್ಕು. ಕೊಳೆತದ್ದು ಚಿಗುರಿತು ಎಂದು ನಂಬಲು ನನಗೇನು ತಲೆ ಕೆಟ್ಟಿದೆಯೇ? ಇಪ್ಪತ್ತೆರಡು ವರ್ಷ ಪರೀಕ್ಷೆಯ ಕೊಠಡಿಯಲ್ಲಿ ಕಾವಲು ನಿಂತ ಟೀಚರ್ ನಾನು. ಕಾಪಿ ಹೊಡೆಯುವವರನ್ನು ಕತ್ತು ನೋಡಿಯೇ ಹಿಡಿಯುತ್ತೇನೆ. ಮೊದಲು ನಿನ್ನ ಭಾವನನ್ನು ವಿಚಾರಿಸಿದೆ. ಗೆಡ್ಡೆ ಹೂತ ಮರುವಾರವೇ ನಾನು ಆಪರೇಷನ್‌ಗೆ ಆಸ್ಪತ್ರೆ ಸೇರಿದ್ದು, ಆ ನಾಲ್ಕು ದಿನ ನೀನು ಬಂದು ಅವರಿಗೆ ಅಡುಗೆ ಮಾಡಿಹಾಕಿ ನಾನು ಬರುವ ಮುಂಚೆಯೇ ಹೊರಟದ್ದು ಗೊತ್ತಿತ್ತು. ಅವಳು ಪಾತಿಯ ಹತ್ತಿರ ಹೋಗಿದ್ದಳಾ ಎಂದು ಕೇಳಿದರೆ, ಬಟ್ಟೆ ಒಣಗಿಸೋಕೆ ಹೋಗಿರ್ತಾಳೆ ಬಿಡೇ ಅಂದರು. ಎಡೆಬಿಡದೆ ಮಳೆ ಹೊಯ್ದ ವಾರದಲ್ಲಿ ಬಟ್ಟೆ ಒಣಗಿಸಿದಳಂತೆ. ಪೇಪರಿನ ಹಿಂದೆ ಮುಖ ಮುಚ್ಚಿಕೊಂಡವರು ಅರ್ಧ ಗಂಟೆ ಪುಟವನ್ನೇ ತಿರುಗಿಸಲಿಲ್ಲ.

ನಿನ್ನೆ ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಅಮ್ಮ ಕಲಿಸಿದ್ದು ನೆನಪಿದೆಯಾ? ದೊಡ್ಡ ಎಲೆ ಹೊರಡುವುದು ಗೆಡ್ಡೆಯ ಚಪ್ಪಟೆ ಬದಿಯಿಂದ. ಆ ಬದಿಯನ್ನು ಬಲ ಅಂಗೈಗೆ ಒತ್ತಿ ಹಿಡಿದು ನೆಟ್ಟುಕೊಂಡು ಹೋದರೆ ದೊಡ್ಡ ಎಲೆಗಳೆಲ್ಲ ಬೀದಿಯ ಕಡೆ ಬರುತ್ತವೆ. ಅದು ತಿರುಗುಮುರುಗಾಗುತ್ತಿದ್ದುದು ಒಬ್ಬಳ ಸಾಲಿನಲ್ಲಿ ಮಾತ್ರ, ಎಡಗೈಯಲ್ಲಿ ನೆಡುವವಳ ಸಾಲಿನಲ್ಲಿ. ನನ್ನ ಪಾತಿಯಲ್ಲಿ ಹದಿನಾಲ್ಕು ದೊಡ್ಡ ಎಲೆಗಳೂ ಮನೆಯ ಗೋಡೆ ನೋಡುತ್ತಿವೆ.

ಹಾಗಾದರೆ ಮನೆ ಖಾಲಿ ಮಾಡಿದ ದಿನ ಬುಟ್ಟಿ ಹಗುರ ಅನ್ನಿಸಿದ್ದು ನನ್ನ ಭ್ರಮೆಯಲ್ಲ. ನೀನು ಕದ್ದಿದ್ದೆ. ಆ ಅನುಮಾನಕ್ಕೇ ಅಂದು ನೆಂಟರೆಲ್ಲರ ಎದುರು ನಿನ್ನ ಚೀಲ ಕಸಿದು ಹೊಸಿಲ ಮೇಲೆ ಸುರಿದೆ. ಬಾಚಣಿಗೆ, ಶಾಲು, ಅಮ್ಮನ ಕನ್ನಡಕ ಬಿಟ್ಟು ಏನೂ ಬೀಳಲಿಲ್ಲ. ನೀನು ಅಳಲಿಲ್ಲ. ಒಂದೊಂದಾಗಿ ಹೆಕ್ಕಿಕೊಂಡು ಹೋದೆ. ಗುಮಾನಿ ನಿಜವಾಯಿತೆಂದು ಈಗ ನನಗೆ ಸಮಾಧಾನವಾಗಬೇಕಿತ್ತು. ನಾಚಿಕೆಯಾಗುತ್ತಿದೆ. ಕದ್ದವಳು ಅಮ್ಮನ ಹೂ ಉಳಿಸಿದಳು, ಜೋಪಾನ ಮಾಡಿದವಳು ಕೊಳೆಸಿದಳು.

ಕದ್ದದ್ದನ್ನು ಸದ್ದಿಲ್ಲದೆ ಹಿಂತಿರುಗಿಸಲು ಅಗೆದಿರುತ್ತೀಯ, ಕೊಳೆತದ್ದು ಕೈಗೆ ಸಿಕ್ಕಿರುತ್ತದೆ. ನಿನಗೆಂದು ಒಂದನ್ನೂ ಇಟ್ಟುಕೊಳ್ಳದೆ, ಬಾಯಿಯನ್ನೂ ಬಿಡದೆ ಹೊರಟುಹೋದೆ. ನನ್ನ ಮಾನ ಉಳಿಸಲೆಂದೋ, ಒಳಗೊಳಗೇ ನಗಲೆಂದೋ? ಇದನ್ನು ಮಾತ್ರ ಎಲೆ ನೋಡಿ ಹೇಳಲು ಬರುವುದಿಲ್ಲ. ದಳ ಉದುರುವ ಮೊದಲು ಒಮ್ಮೆ ಬಂದು ನೀನೇ ಹೇಳು. ಬರುವುದಿಲ್ಲ ಎಂದರೂ ನಾನು ದೂರುವಂತಿಲ್ಲ.

ನಿನ್ನ ಅನುಮಾನದ ಪಿಶಾಚಿ,
ಅಕ್ಕ

ವಿ.ಸೂ.: ಅಂದು ಗೆಡ್ಡೆಗಳನ್ನು ಎಲ್ಲಿ ಬಚ್ಚಿಟ್ಟಿದ್ದೆ ಎಂದು ಬಂದಾಗ ಹೇಳು. ನಾನು ಬಚ್ಚಿಟ್ಟದ್ದನ್ನು ಇಲ್ಲೇ ಬರೆದುಬಿಡುತ್ತೇನೆ, ಎದುರಿಗೆ ಹೇಳುವ ಧೈರ್ಯವಿಲ್ಲ. ಕೊನೆಯ ವಾರ ಅಮ್ಮ ನನ್ನ ಕೈ ಹಿಡಿದು, ಗೆಡ್ಡೆ ಅರ್ಧ ಎಡಚಿಗೆ ಕೊಡು ಅಂದಿದ್ದಳು. ನನ್ನ ಇಪ್ಪತ್ತು, ನಿನ್ನ ಹದಿನಾಲ್ಕು ಸೇರಿ ಮೂವತ್ನಾಲ್ಕು, ಅದರಲ್ಲಿ ಅರ್ಧ ಹದಿನೇಳು. ನೀನು ಕದ್ದದ್ದು ನಿನ್ನ ಪಾಲಿಗಿಂತ ಮೂರು ಕಡಿಮೆ.