ವಾಲಿಬಾಲಿಗೆ ಹೋದ ಬಟ್ಟೆ ಹಗ್ಗ

ಕ್ಯಾಪ್ಟನ್ ಸಾಹೇಬ್ರೇ,

ಬಟ್ಟೆ ಒಣಹಾಕೋ ಹಗ್ಗ ಮತ್ತೆ ಬಿಚ್ಕೊಂಡು ಹೋಗಿ, ಪಾರ್ಕಲ್ಲಿ ಎರಡು ಮರಕ್ಕೆ ಕಟ್ಟಿ, ಅಲ್ಲೇ ಬಿಟ್ಟು ಬಂದಿದ್ದೀರ. ಕಾಡಿನಂಥಾ ಆ ಪಾರ್ಕಲ್ಲಿ ದೋಣಿ, ಈಜುಕೊಳ, ಟೆನ್ನಿಸ್ ಕೋರ್ಟು ಎಲ್ಲಾ ಇದೆ. ನಿಮ್ಮ ವಾಲಿಬಾಲಿಗೆ ಮಾತ್ರ ನೆಟ್ ಬದಲು ನನ್ನ ಹಗ್ಗಾನೇ ಆಗ್ಬೇಕು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒದ್ದೆ ಯೂನಿಫಾರ್ಮಲ್ಲೇ ಆಸ್ಪತ್ರೆ ಡ್ಯೂಟಿಗೆ ಹೊರಟಿದ್ದೀನಿ ಕಣ್ರೀ.

ಊಟ ಮುಚ್ಚಿಟ್ಟಿದ್ದೀನಿ. ಮಂಡಿಗೆ ಎಣ್ಣೆ ಹಚ್ಕೊಳ್ಳಿ. ರಾತ್ರಿಯೆಲ್ಲಾ ನೀವು ನರಳೋದು ಕೇಳೋಕೆ ನನ್ನ ಕೈಲಾಗಲ್ಲ.

ಒಗೆದ ಬಟ್ಟೆ ಹುಡುಕ್ಬೇಡಿ. ಬಕೆಟ್ ಸಮೇತ ಪಾರ್ಕ್ ದಾರೀಲೇ ಹೋಗ್ತೀನಿ. ನಿಮ್ಮ ಬನಿಯನ್ನು, ಚಡ್ಡಿ ಎಲ್ಲಾ ಆ ಹಗ್ಗದ ಮೇಲೇ ಒಣಗ್ತಿರ್ತವೆ. ಸಂಜೆ ಆಟಕ್ಕೆ ಮುಂಚೆ ಮಡಚ್ಕೊಂಡು ಬನ್ನಿ. ಯಾರ್ದು ಅಂತ ನಿಮ್ಮ ಟೀಮಿನವರು ತಲೆ ಕೆಡಿಸ್ಕೊಳ್ಳೋದು ಬೇಡ, ಒಂದೊಂದಕ್ಕೂ ‘ಕ್ಯಾಪ್ಟನ್’ ಅಂತ ಚೀಟಿ ಚುಚ್ಚಿದ್ದೀನಿ.